ಕೊರಿಯಾದ ಸಾಗರೋತ್ತರ ದತ್ತುಮಕ್ಕಳು

ದಕ್ಷಿಣ ಕೊರಿಯಾದಿಂದ ಪರದೇಶಗಳಿಗೆ ದತ್ತು ಹೋದವರು ದೊಡ್ಡವರಾದ ಮೇಲೆ ಒಬ್ಬರನ್ನೊಬ್ಬರು ಹುಡುಕಿಕೊಂಡು ಕಟ್ಟಿದ ಸಮುದಾಯ. 1953ರಲ್ಲಿ ಕೊರಿಯಾ ಯುದ್ಧ ನಿಂತ ಮೇಲೆ ಮೊದಲು ಹೋದವರು ಹೆಚ್ಚಾಗಿ ವಿದೇಶಿ ಸೈನಿಕರಿಗೆ ಹುಟ್ಟಿದ ಮಕ್ಕಳು. 1955ರಲ್ಲಿ ಅಮೆರಿಕದ ಆರಿಗನ್‌ನ ಹೋಲ್ಟ್ ದಂಪತಿ ಎಂಟು ಮಕ್ಕಳನ್ನು ಒಟ್ಟಿಗೇ ದತ್ತು ಪಡೆದು, ಮರುವರ್ಷ ದತ್ತು ಸಂಸ್ಥೆಯನ್ನೇ ತೆರೆದರು. ಆಮೇಲೆ ಬಡವರ, ಅವಿವಾಹಿತ ತಾಯಂದಿರ ಮಕ್ಕಳ ಸರದಿ. ಒಟ್ಟು ಸುಮಾರು 2 ಲಕ್ಷ ಮಕ್ಕಳಲ್ಲಿ ಹೆಚ್ಚಿನವರು ಅಮೆರಿಕ ಸೇರಿದರು. ಉಳಿದವರು ಸ್ವೀಡನ್, ಡೆನ್ಮಾರ್ಕ್, ಫ್ರಾನ್ಸ್ ಮೊದಲಾದ ಕಡೆ.

ಅಮೆರಿಕದ ಮಿನ್ನೆಸೋಟದಂಥ ಕಡೆ ಸಾಕು ತಂದೆತಾಯಂದಿರು ಮಕ್ಕಳನ್ನು ಸಂಸ್ಕೃತಿ ಶಿಬಿರಗಳಿಗೆ ಕಳಿಸಿದರು: ಕಿಮ್ಚಿ ಊಟ, ಹಾನ್‌ಬೋಕ್ ಉಡುಗೆ, ಟೇಕ್ವಾಂಡೊ ಪಾಠ. ಪ್ರೀತಿಯೇನೋ ನಿಜ, ಆದರೆ ಬೇಸಿಗೆಯ ನಾಲ್ಕು ದಿನದ ಕೊರಿಯಾ, ವರ್ಷವಿಡೀ ಶಾಲೆಯಲ್ಲಿ ಕೇಳುವ ಮೂದಲಿಕೆಗೆ ಮದ್ದಾಗಲಿಲ್ಲ. ಸಮುದಾಯ ಗಟ್ಟಿಯಾದದ್ದು ದತ್ತುಮಕ್ಕಳೇ ಮುಂದಾಳುಗಳಾದಾಗ. ಸ್ವೀಡನ್ನಿನಲ್ಲಿ 1986ರಲ್ಲೇ ಸಂಘ ಹುಟ್ಟಿತು. 1999ರಲ್ಲಿ ವಾಷಿಂಗ್ಟನ್‌ನಲ್ಲಿ ದೊಡ್ಡ ಸಮಾವೇಶ ನಡೆಯಿತು.

ಹೆತ್ತವರನ್ನು ಹುಡುಕಹೊರಟ ಅನೇಕರಿಗೆ ಸಿಕ್ಕಿದ್ದು ಸುಳ್ಳು ಕಾಗದ. ತಾಯಿ ಬದುಕಿದ್ದರೂ ಕಡತದಲ್ಲಿ ಮಗು ಅನಾಥ! ಬೇರೊಬ್ಬ ಹುಡುಗಿಯ ಹೆಸರಿನಲ್ಲಿ ತನ್ನನ್ನು ಕಳಿಸಿದ್ದನ್ನು ದತ್ತುಮಗಳು ಡಿಆನ್ ಬೊರ್ಶೆ ಲೀಮ್ 2000ದ ಸಾಕ್ಷ್ಯಚಿತ್ರದಲ್ಲಿ ತೋರಿಸಿದರು. ದಾಖಲೆ ತಿದ್ದಿದ್ದು ಸೇರಿದಂತೆ ಮಾನವ ಹಕ್ಕುಗಳ ಉಲ್ಲಂಘನೆಗೆ ಸರ್ಕಾರವೇ ಹೊಣೆ ಎಂದು ಕೊರಿಯಾದ ಸತ್ಯಶೋಧನಾ ಆಯೋಗ 2025ರಲ್ಲಿ ತೀರ್ಮಾನಿಸಿತು.