ಹಸಿ ಓದು

ದೀಪಾಂಜಲಿ ನಗರದ ನಮ್ಮ ಮನೆಯ ಅಟ್ಟದ ಮೇಲೆ ಹಳೆಯ ಕಂಪ್ಯೂಟರೊಂದು ಹಳೇ ಸೀರೆ ಹೊದ್ದು ವರ್ಷಗಟ್ಟಲೆ ಕೂತಿತ್ತು. 2004ರ ಬೇಸಿಗೆ ರಜೆಯಲ್ಲಿ ಅಮ್ಮ ಎಲೆಅಡಿಕೆ ಹಾಕಿಕೊಂಡು ತನ್ನ ಬಾಳಿನ ಕಥೆ ಹೇಳುತ್ತಿದ್ದಳು, ನಾನು ‘ನುಡಿ’ ತಂತ್ರಾಂಶದಲ್ಲಿ ಅದನ್ನು ಕುಟ್ಟುತ್ತಿದ್ದೆ. ಅರವತ್ತು ಪುಟಗಳಾಗಿದ್ದವು. ಮುಂದೊಂದು ದಿನ, ಜಾಗ ಸಾಲದೆಂದು ಬೇಡದ ಕಡತಗಳನ್ನು ಅಳಿಸುವಾಗ ಅದನ್ನೂ ಅಳಿಸಿಬಿಟ್ಟೆ. “ಹೋಗಲಿ ಬಿಡೇ, ಇನ್ನೊಮ್ಮೆ ಹೇಳಿದರಾಯಿತು” ಎಂದಳು ಅಮ್ಮ. ಆ ಇನ್ನೊಮ್ಮೆ ಬರಲೇ ಇಲ್ಲ. 2006ರಲ್ಲಿ ಅವಳು ಹೋದಳು.

ಮೊನ್ನೆ ಸಂಕ್ರಾಂತಿಗೆ ತಂಗಿಯ ಮಗ ಬಂದಿದ್ದ. ಕಂಪ್ಯೂಟರ್ ಕೆಲಸದವನು. ಎಳ್ಳು ಬೆಲ್ಲ ಮೆಲ್ಲುತ್ತ ಈ ಕಥೆ ಕೇಳಿದವನೇ, “ದೊಡ್ಡಮ್ಮ, ಅಳಿಸಿದರೆ ಹೋಗೋದು ಹೆಸರು ಮಾತ್ರ. ಅದರ ಮೇಲೆ ಬೇರೇನೂ ಬರೆಯದಿದ್ದರೆ ಅಕ್ಷರ ಅಲ್ಲೇ ಇರತ್ತೆ. ಹಸಿಯಾಗಿ ಓದಿ ನೋಡೋಣ” ಎಂದ.

ಹಸಿಯಾಗಿ ಓದುವುದೆಂದರೇನೆಂದು ಕೇಳಿದೆ. ಅವನು ಹೇಳಿದ್ದು ನನಗೆ ಅರ್ಥವಾದದ್ದು ನಮ್ಮ ಶಾಲೆಯ ಗ್ರಂಥಾಲಯದ ಮೂಲಕ. ಕಂಪ್ಯೂಟರಿನೊಳಗೆ ಕರ್ನೆಲ್ ಎಂಬ ಮೇಲ್ವಿಚಾರಕನಿದ್ದಾನೆ. ಡಿಸ್ಕು, ಕೀಲಿಮಣೆ, ಪರದೆ ಎಲ್ಲಕ್ಕೂ ಅವನೇ ಯಜಮಾನ. ನಾವು ಹೆಸರು ಹೇಳಿದರೆ ರಿಜಿಸ್ಟರ್ ನೋಡಿ ಪುಸ್ತಕ ತಂದುಕೊಡುತ್ತಾನೆ. ಹೆಸರು ಹೊಡೆದುಹಾಕಿದ್ದರೆ, ಪುಸ್ತಕ ಕಪಾಟಿನಲ್ಲೇ ಇದ್ದರೂ ‘ಇಲ್ಲ’ ಎನ್ನುತ್ತಾನೆ. ಹಸಿ ಓದು ಎಂದರೆ ರಿಜಿಸ್ಟರನ್ನು ಬದಿಗಿಟ್ಟು, ಕಪಾಟಿನ ಖಾನೆಗಳನ್ನೇ ಮೊದಲಿನಿಂದ ಕೊನೆಯವರೆಗೆ ನೋಡುತ್ತ ಹೋಗುವುದು. ನನ್ನ ಹಳೆಯ ಡಿಸ್ಕಿನಲ್ಲಿ ಒಂದೊಂದು ಖಾನೆಗೆ 512 ಬೈಟುಗಳು.

ಈ ‘ಹಸಿ’ ಎಂಬ ಮಾತಿಗೂ ಇತಿಹಾಸವಿದೆ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯುನಿಕ್ಸ್ ಕಟ್ಟತೊಡಗಿದರು. ಅದರಲ್ಲಿ ಕೀಲಿಮಣೆಯ ಅಕ್ಷರಗಳಿಗೆ ‘ಹಸಿ’, ‘ಬೇಯಿಸಿದ’ ಎಂದೇ ಎರಡು ಬಗೆ. ತಪ್ಪು ತಿದ್ದಿ, ಸಾಲು ಮುಗಿದ ಮೇಲೆ ಬಡಿಸಿದರೆ ಬೇಯಿಸಿದ್ದು. ಒತ್ತಿದ್ದನ್ನು ಒತ್ತಿದ ಹಾಗೇ ಕೊಟ್ಟರೆ ಹಸಿ. ಡಿಸ್ಕಿಗೂ ಹಾಗೆಯೇ ಎರಡು ಬಾಗಿಲು. ಮಾಮೂಲಿ ಬಾಗಿಲಲ್ಲಿ ಕರ್ನೆಲ್ ಒಂದು ಪ್ರತಿಯನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ, ತಿಂಗಳ ಸಾಮಾನನ್ನು ಅಡುಗೆಮನೆಯ ಡಬ್ಬಿಗಳಲ್ಲಿ ತುಂಬಿಟ್ಟುಕೊಂಡ ಹಾಗೆ. ಬರೆಯುವುದನ್ನೂ ಹಾಗೇ ಇಟ್ಟುಕೊಂಡು ತಡವಾಗಿ ಡಿಸ್ಕಿಗೆ ಸೇರಿಸುತ್ತದೆ. ನಡುವೆ ಕರೆಂಟು ಹೋದರೆ ಬರೆದದ್ದು ಹೋಯಿತು. ಲೆಕ್ಕಪತ್ರ ಕಾಯುವ ದೊಡ್ಡ ದತ್ತಾಂಶ ತಂತ್ರಾಂಶಗಳಿಗೆ ಇದು ಒಗ್ಗದು. ಅವು ತಮ್ಮ ಡಬ್ಬಿಗಳನ್ನು ತಾವೇ ಜೋಡಿಸಿಕೊಂಡು ಹಸಿ ಬಾಗಿಲಿನಿಂದಲೇ ಓಡಾಡಿದವು.

1991ರಲ್ಲಿ ಹುಟ್ಟಿದ ಲಿನಕ್ಸ್‌ಗೆ ಮೊದಲು ಈ ಬಾಗಿಲಿರಲಿಲ್ಲ. 2001ರ ಜನವರಿಯಲ್ಲಿ ಬಂದ 2.4ನೇ ಆವೃತ್ತಿಯಲ್ಲಿ ಅದು ಸೇರಿತು. ಮುಂದಿನ ಮಾತು ಕೇಳಿ ನನಗೆ ಹೆಮ್ಮೆಯಾಯಿತು. ಹೀಗೆ ನೇರವಾಗಿ ಓದಿಬರೆಯುವಾಗ ಡಿಸ್ಕಿಗಾಗಿ ಕೈಕಟ್ಟಿ ಕಾಯದಂತೆ ಮಾಡುವ ಕೆಲಸದಲ್ಲಿ ಮುಂದಿದ್ದವರು ನಮ್ಮ ಬೆಂಗಳೂರಿನಲ್ಲಿ ಐಬಿಎಂ ಕಂಪನಿಯಲ್ಲಿದ್ದ ಸುಪರ್ಣಾ ಭಟ್ಟಾಚಾರ್ಯ ಎಂಬ ಹೆಣ್ಣುಮಗಳು. 2003ರಲ್ಲಿ ಕೆನಡಾದ ಒಟ್ಟಾವಾದಲ್ಲಿ ನಡೆದ ಲಿನಕ್ಸ್ ಸಮ್ಮೇಳನಕ್ಕೆ ಮೂವರು ಸಹೋದ್ಯೋಗಿಗಳೊಡನೆ ಈ ಬಗ್ಗೆ ಪ್ರಬಂಧ ಬರೆದರು. ಅನ್ನಕ್ಕಿಟ್ಟು ಅದರ ಮುಂದೆ ಸುಮ್ಮನೆ ನಿಲ್ಲುವ ಹೆಂಗಸು ಯಾರಿದ್ದಾಳೆ? ಅಷ್ಟರಲ್ಲಿ ತರಕಾರಿ ಹೆಚ್ಚುತ್ತೇವೆ. ಅವರು ಕಂಪ್ಯೂಟರಿಗೆ ಕಲಿಸಿದ್ದೂ ಅದನ್ನೇ. ಮುಂದೆ ನೇರ ಓದುಬರಹಕ್ಕೆ ಬೇರೆ ಸಲೀಸಾದ ದಾರಿ ನೆಲೆಯಾದ್ದರಿಂದ, ಆ ಪ್ರತ್ಯೇಕ ಹಸಿ ಬಾಗಿಲನ್ನು 2021ರಲ್ಲಿ ಲಿನಕ್ಸ್‌ನಿಂದ ತೆಗೆದುಹಾಕಿದರು.

ಹುಡುಗ ಅಟ್ಟದಿಂದ ಪೆಟ್ಟಿಗೆ ಇಳಿಸಿದ. ನೇರವಾಗಿ ಬರೆಯಹೋದರೆ ಒಂದು ಕೈತಪ್ಪಿಗೆ ಇದ್ದದ್ದೆಲ್ಲ ಹೋದೀತೆಂದು, ಮೊದಲು ಡಿಸ್ಕಿನ ಎಲ್ಲ ಖಾನೆಗಳನ್ನೂ ತನ್ನ ಯಂತ್ರಕ್ಕೆ ನಕಲು ಮಾಡಿಕೊಂಡು, ಆ ನಕಲಿನಲ್ಲಿ ಹುಡುಕಿದ. ರಾತ್ರಿ ಹನ್ನೊಂದಕ್ಕೆ ಪರದೆಯ ಮೇಲೆ ಬಂದದ್ದು ಟೋಪಿ, ಬಾಲ ಹಚ್ಚಿಕೊಂಡ ಇಂಗ್ಲಿಷ್ ಅಕ್ಷರಗಳು. ಆಗಿನ ಕನ್ನಡ ಫಾಂಟುಗಳು ಇಂಗ್ಲಿಷಿನ ಸಂಕೇತಗಳ ಮೇಲೆಯೇ ಕೂತಿದ್ದವಲ್ಲ! ಅದನ್ನು ಯುನಿಕೋಡಿಗೆ ತಿರುಗಿಸಿದ. ಮೊದಲ ಸಾಲು ಓದಿದಾಗ ಅಮ್ಮನ ದನಿ ಕೇಳಿದಂತಾಯಿತು.

ನಲವತ್ತೊಂದು ಪುಟ ಸಿಕ್ಕವು. ಅವಳ ಮದುವೆ, ಬೆಂಗಳೂರಿಗೆ ಬಂದದ್ದು, ನಮ್ಮ ಬಾಣಂತನಗಳು ಎಲ್ಲ ಇದ್ದವು. ಸಿಗದೇ ಹೋದದ್ದು ಅವಳ ಬಾಲ್ಯ. ಆ ಖಾನೆಗಳಲ್ಲಿ ಬೇರೇನೋ ಇತ್ತು. “ಇದೇನು ದೊಡ್ಡಮ್ಮ?” ಎಂದು ತೋರಿಸಿದ. ಏಳನೇ ತರಗತಿಯ ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆ. ಅಳಿಸಿದ ಮೇಲೆ ಅದೇ ಯಂತ್ರದಲ್ಲಿ ನಾನೇ ಬರೆದದ್ದು. ಬಿಟ್ಟ ಸ್ಥಳ ತುಂಬಿರಿ ಎಂದಿತ್ತು ಅದರಲ್ಲಿ.

ಈಗ ದಿನವೂ ರಾತ್ರಿ ಊಟವಾದ ಮೇಲೆ, ಅಮ್ಮ ಹೇಳಿದ್ದರಲ್ಲಿ ನೆನಪಿದ್ದಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಅವಳ ತವರಿನ ಬಾವಿಯವರೆಗೆ ಬಂದಿದ್ದೇನೆ.