ಪೋರ್ಟ್ ವೈನಿನ ಬಣ್ಣ: ಎಲ್ಡರ್‌ಬೆರಿಯ ಮೇಲಿನ ಹಳೆಯ ಆರೋಪ

ಪೋರ್ಟ್ ವೈನಿನ ಚರಿತ್ರೆ ಬರೆದವರಲ್ಲಿ ಹಲವರು ಎಲ್ಡರ್‌ಬೆರಿಯ ಪ್ರಸಂಗವನ್ನು ಎರಡೇ ವಾಕ್ಯಗಳಲ್ಲಿ ಮುಗಿಸಿಬಿಡುತ್ತಾರೆ. ಪೋರ್ಚುಗಲ್ಲಿನ ಡೌರೊ ಕಣಿವೆಯ ದ್ರಾಕ್ಷಿ ಬೆಳೆಗಾರರು ತೆಳು ವೈನಿಗೆ ಈ ಹಣ್ಣಿನ ರಸ ಬೆರೆಸಿ ಇಂಗ್ಲಿಷರಿಗೆ ಮೋಸ ಮಾಡಿದರು. ಮುಂದೆ ಪೊಂಬಾಲ್ ಎಂದು ಹೆಸರಾದ ಮಂತ್ರಿ ಗಿಡಗಳನ್ನು ಕೀಳಿಸಿ ಅದನ್ನು ನಿಲ್ಲಿಸಿದ. ಮೊದಲ ಮಾತು ಒಂದು ಪತ್ರವ್ಯವಹಾರವನ್ನು ಅರ್ಧ ಮಾತ್ರ ಓದಿದ್ದರ ಫಲ. ಎರಡನೆಯದು ಗಿಡದ ಸ್ವಭಾವ ಅರಿಯದೆ ಬರೆದದ್ದು.

ಪತ್ರವ್ಯವಹಾರ ನಡೆದದ್ದು 1754ರಲ್ಲಿ. ಪೋರ್ಟೊ ನಗರದ ಇಂಗ್ಲಿಷ್ ವರ್ತಕರ ಕೂಟ ತನ್ನ ಖರೀದಿ ದಲ್ಲಾಳಿಗಳಿಗೆ ಬರೆದು, ವೈನು ಕೆಟ್ಟಿರುವುದಕ್ಕೆ ಬೆಳೆಗಾರರ ಕಲಬೆರಕೆಯೇ ಕಾರಣವೆಂದು ದೂರಿತು. ಇದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ದಲ್ಲಾಳಿಗಳು ಬರೆದ ಉತ್ತರ ಮಾತ್ರ ಬಹುಮಟ್ಟಿಗೆ ಚಮತ್ಕಾರದ ಮಾತುಗಳ ಮಾದರಿಯಾಗಿ ಉಳಿದಿದೆ; ಸಾಕ್ಷ್ಯವೆಂದು ಅದನ್ನು ತೂಗಿನೋಡುವವರು ಕಡಿಮೆ. ಉತ್ತರದ ತಿರುಳು ಇಷ್ಟು: ಸುಗ್ಗಿಯಲ್ಲೇ ಬ್ರಾಂಡಿ ಬೆರೆಸಿ ಬಿರುಸು ತನ್ನಿ, ಎಲ್ಡರ್‌ಬೆರಿಯಿಂದಲೋ ಮಾಗಿದ ದ್ರಾಕ್ಷಿಯ ಸಿಪ್ಪೆಯಿಂದಲೋ ಬಣ್ಣ ತನ್ನಿ ಎಂದು ಗುಟ್ಟಾಗಿ ಹೇಳಿಕೊಟ್ಟವರು ಇಂಗ್ಲಿಷರೇ.

ಇಲ್ಲಿ ಗಮನಿಸಬೇಕಾದದ್ದು ಆ ‘ಇಂದಲೋ’ ಪ್ರತ್ಯಯ. ಎಲ್ಡರ್‌ಬೆರಿಯನ್ನೂ ದ್ರಾಕ್ಷಿಯ ಸಿಪ್ಪೆಯನ್ನೂ ಒಂದೇ ಸಾಲಿನಲ್ಲಿ ಪರ್ಯಾಯಗಳಾಗಿ ಇಟ್ಟವರಿಗೆ ಎಲ್ಡರ್‌ಬೆರಿ ಒಂದು ಮಹಾಪಾತಕದಂತೆ ಕಂಡಿರಲಾರದು. ಬೇಡಿಕೆಯ ಬಣ್ಣಕ್ಕೆ ತಲುಪುವ ಇನ್ನೊಂದು ದಾರಿಯಾಗಿತ್ತು ಅಷ್ಟೆ. (ದಲ್ಲಾಳಿಗಳೂ ಸತ್ಯಹರಿಶ್ಚಂದ್ರರಲ್ಲ, ತಮ್ಮ ತಲೆಯ ಮೇಲಿನ ತಪ್ಪನ್ನು ಧಣಿಗಳ ತಲೆಗೆ ಕಟ್ಟುವ ಆತುರ ಅವರಿಗಿತ್ತು. ಆದರೆ ವರ್ತಕರ ದೂರನ್ನು ಪ್ರಶ್ನಿಸದೆ ನಂಬುವವರು ಈ ಉತ್ತರದ ಬಗ್ಗೆ ಮಾತ್ರ ಅನುಮಾನ ಪಡುವುದು ಯಾವ ನ್ಯಾಯ?) ಇನ್ನೂ ಒಂದು ಮಾತು: ಉತ್ತರ ಬರೆದವರನ್ನು ‘ಬೆಳೆಗಾರರು’ ಎಂದು ಕರೆಯುವುದು ಶುದ್ಧ ಅಜಾಗರೂಕತೆ. ಬೆಳೆಗಾರನ ದನಿ ಈ ಎರಡೂ ಕಾಗದಗಳಲ್ಲಿಲ್ಲ.

ಇನ್ನು ಗಿಡದ ವಿಷಯ. ಸಾಂಬುಕಸ್ ನೈಗ್ರಾ ಎಂಬ ಈ ಪೊದೆಮರದ ಗರಿಯಂಥ ಎಲೆಯಲ್ಲಿ ಸಾಮಾನ್ಯವಾಗಿ ಐದೋ ಏಳೋ ಉಪಪರ್ಣಗಳಿರುತ್ತವೆ. ಕೆನೆಬಣ್ಣದ ಚಪ್ಪಟೆ ಹೂಗೊಂಚಲು ಕಳೆದ ಮೇಲೆ ಮೆಣಸಿನಕಾಳಿಗಿಂತ ತುಸು ದೊಡ್ಡದಾದ, ಕಪ್ಪು ನೇರಳೆಯ ಹಣ್ಣುಗಳು ಕೆಂಪು ತೊಟ್ಟಿನಲ್ಲಿ ಜೋತುಬೀಳುತ್ತವೆ. ಎಲೆ, ಕಾಂಡ, ಕಾಯಿಗಳಲ್ಲಿ ಸಯನೈಡ್ ಬಿಡುಗಡೆ ಮಾಡುವ ಸಾಂಬುನಿಗ್ರಿನ್ ಇರುವುದರಿಂದ ಹಣ್ಣನ್ನು ಬೇಯಿಸಿಯೇ ಬಳಸುವುದು ರೂಢಿ. ಸಾರಜನಕ ಹೆಚ್ಚಿರುವ ನೆಲ, ಅಂದರೆ ಗೊಬ್ಬರದ ಗುಂಡಿ, ಹಿತ್ತಿಲು, ಬೇಲಿಸಾಲು ಇದಕ್ಕೆ ಪ್ರಿಯ. ಕಡಿದ ಬುಡ ಮತ್ತೆ ಚಿಗುರುತ್ತದೆ, ನೆಟ್ಟ ಕಡ್ಡಿ ಬೇರು ಬಿಡುತ್ತದೆ, ಹಕ್ಕಿಗಳು ಬೀಜ ಹರಡುತ್ತವೆ.

ಇಂಥ ಗಿಡವನ್ನು ಕೀಳಬೇಕೆಂದು ಪೊಂಬಾಲ್ ಹೊರಡಿಸಿದ 1757ರ ರಾಜಾಜ್ಞೆ ಅದನ್ನು ನಿರ್ಮೂಲ ಮಾಡಿತೆಂದು ನಂಬಲು ಸಸ್ಯಶಾಸ್ತ್ರ ಬಿಡುವುದಿಲ್ಲ; ದಾಖಲೆಯೂ ಬಿಡುವುದಿಲ್ಲ. 1844ರಲ್ಲಿ ಜೋಸೆಫ್ ಜೇಮ್ಸ್ ಫಾರೆಸ್ಟರ್ ತನ್ನ ಹೆಸರು ಹಾಕದೆ ಹೊರತಂದ ಕಿರುಹೊತ್ತಗೆಯಲ್ಲಿ ಎಲ್ಡರ್‌ಬೆರಿಯೂ ಬ್ರಾಂಡಿಯೂ ಮತ್ತೆ ಜೋಡಿ ಅಪರಾಧಿಗಳು. 87 ವರ್ಷಗಳ ನಂತರವೂ ದೂರು ಅದೇ! ಡೌರೊವಿನ ನಕ್ಷೆ ಬರೆದ ಆತನ ಶ್ರಮಕ್ಕೆ ಗೌರವ ಸಲ್ಲಲೇಬೇಕು. ಆದರೆ ಆತ ಸ್ವತಃ ವೈನ್ ವ್ಯಾಪಾರಿ, ಬ್ರಾಂಡಿ ಬೆರೆಸದ ಪೋರ್ಟ್‌ಗಾಗಿ ವಾದಿಸುತ್ತಿದ್ದವನು. ಆತನ ಹೊತ್ತಗೆಯನ್ನು ನಿಷ್ಪಕ್ಷಪಾತ ವರದಿಯೆಂದು ಓದಲಾಗದು. ಕೊನೆಗೆ ಬ್ರಾಂಡಿಯೇ ಪೋರ್ಟಿನ ಲಕ್ಷಣವಾಗಿ ಮಾನ್ಯವಾಯಿತು. ಎಲ್ಡರ್‌ಬೆರಿಯೊಂದೇ ಅಪರಾಧಿಯಾಗಿ ಉಳಿಯಿತು.

ಇಂದು ಆರೋಪ ಪರೀಕ್ಷಿಸಲು ರಸಾಯನಶಾಸ್ತ್ರದ ದಾರಿಯಿದೆ. ಎಲ್ಡರ್‌ಬೆರಿಯ ವರ್ಣದ್ರವ್ಯಗಳಲ್ಲಿ ಸಯನಿಡಿನ್-3-ಸಾಂಬುಬಯೋಸೈಡ್ ಪ್ರಮುಖ. ವೈನಿಗೆ ಬಳಸುವ ಯುರೋಪಿನ ದ್ರಾಕ್ಷಿಯಲ್ಲಿ ಅದು ಇರುವುದಿಲ್ಲ. ಹೊಸ ವೈನಿನಲ್ಲಿ ಅದು ಕಂಡರೆ ಬೆರಕೆ ಗೊತ್ತಾಗುತ್ತದೆ. ಡೌರೊವಿಗೆ ದಕ್ಷಿಣದ ವರೋಸಾ ಕಣಿವೆಯಲ್ಲಂತೂ ರೈತರು ಈ ಹಣ್ಣನ್ನು ಬಹಿರಂಗವಾಗಿಯೇ ಬೆಳೆದು ಮಾರುತ್ತಾರೆ.