ಆಯಾರ, ಬಿದಾಗಿ, ಬಕ್ಷೀಸು: ಸಾಂಗಲಿ-ಮಿರಜ ಸೀಮೆಯಾಗ ಖುಷಿ ಕೊಡುವ ರೀತಿ ನಡೆದು ಬಂದ ಬಗೆ

ಸಾಂಗಲಿ ಮಿರಜದ ದೊಡ್ಡ ಹೋಟೇಲಿಗೆ ನಮ್ಮ ಹಳ್ಳಿ ಮಂದಿ ಈಗ ಹೋಗತಾರ. ದವಾಖಾನಿಗೆ ಬಂದವರು, ಲಗ್ನದ ಅರಿವಿ ತರಾಕ ಬಂದವರು, ದ್ರಾಕ್ಷಿ ಬೆದಾಣಿ ಮಾರಾಕ ಬಂದವರು. ಚಹಾ ಕುಡಿದು ಆದ ಮ್ಯಾಲೆ ವೇಟರ ಒಂದು ಸಣ್ಣ ತಾಟಿನಾಗ ಬಡೀಸೋಪು, ಸಕ್ಕರಿ ಹಾಕಿ, ಅದರ ಕೆಳಗ ಬಿಲ್ಲು ಇಟ್ಟು ತರತಾನ. ಆವಾಗ ಎಲ್ಲಾರೂ ಒಬ್ಬರ ಮುಖ ಒಬ್ಬರು ನೋಡತೀವಿ. ಎಷ್ಟು ಬಿಡಬೇಕು? ಬಿಡದಿದ್ದರ ಏನಂತಾನ? ಬಿಟ್ಟರ ಯಾರಿಗೆ ಮುಟ್ಟತೈತಿ?

ಇದು ಸಣ್ಣ ಮಾತು ಅಂತ ಅನ್ನಬಹುದು. ಆದರ ನಾನು ಹೊಲ ಮಾಡಿಕೊಂಡು ನಾಲ್ವತ್ತು ವರ್ಷ ಪದ ಹಾಡಿಕೋತ ಬಂದವ. ಮಂದಿ ಖುಷಿಯಿಂದ ಕೊಟ್ಟದ್ದನ್ನ ತಗೊಂಡು ಬಾಳೇವು ಮಾಡಿದವ. ಏಳನೇ ಇಯತ್ತೆ ತನಕ ಓದಿದ್ದರೂ ಈ ಒಂದು ವಿಷಯದಾಗ ನನ್ನ ಶಾಲೆ ದೊಡ್ಡದು. ಕೊಡೋ ಕೈ, ತಗೊಳ್ಳೋ ಕೈ ಇವೆರಡರ ನಡುವ ಇರೋದು ಬರೇ ರೊಕ್ಕ ಅಲ್ಲ, ಮಾನ. ಆದಕಾರಣ ಈ ರೀತಿ ಎಲ್ಲಿಂದ ಬಂತು ಅನ್ನೋದನ್ನ ನಮ್ಮ ಸೀಮೆಯ ಇತಿಹಾಸ ಹಿಡಿದು ಹೇಳತೇನಿ.

ಮೊದಲು ಹಳ್ಳಿಯ ಲೆಕ್ಕ ನೋಡೋಣ. ನಮ್ಮ ಕಡೆ ಆಯಗಾರರು ಅಂದರ ಮರಾಠಿಯೊಳಗ ಬಲುತೇದಾರರು. ಬಡಿಗ, ಕಮ್ಮಾರ, ಕುಂಬಾರ, ಅಗಸ, ಹಡಪದ, ಮಾದಾರ ಹೀಂಗ. ಇವರು ವರ್ಷಪೂರ್ತಿ ರೈತನ ಕೆಲಸ ಮಾಡತಿದ್ದರು, ಸುಗ್ಗಿಯಾಗ ಕಣಕ್ಕ ಬಂದು ಇಷ್ಟು ಸೇರು ಜೋಳ ಅಂತ ಆಯ ತಗೊಂಡು ಹೋಗತಿದ್ದರು. ಅದು ದಾನ ಅಲ್ಲ, ಹಕ್ಕು. ಕೊಡದಿದ್ದರ ಚಾವಡಿಯಾಗ ಕೇಳೋ ಅಧಿಕಾರ ಅವರಿಗಿತ್ತು. ರಾಶಿ ಛಲೋ ಬಂದರ ರೈತ ಮ್ಯಾಲೆ ಒಂದು ಮರದಷ್ಟು ಕಾಳು ಹಾಕತಿದ್ದ. ಆ ಒಂದು ಮರ ಕಾಳೇ ಖುಷಿ. ಹಕ್ಕು ಬ್ಯಾರೆ, ಖುಷಿ ಬ್ಯಾರೆ. ಮುಂದಿನ ಮಾತೆಲ್ಲಾ ಈ ಎರಡರ ಮ್ಯಾಲೆ ನಿಂತೈತಿ, ಓದುಗರು ಇದನ್ನ ಗಂಟು ಹಾಕಿಕೋಬೇಕು. ಹಂಗಂತ ಆ ಕಾಲ ಬಂಗಾರದ್ದಾಗಿತ್ತು ಅಂತ ನಾನು ಅನ್ನೂದಿಲ್ಲ. ಜಾತಿಯ ಮೆಟ್ಟಿಲು ನೋಡಿ ಕಾಳು ಅಳಿತಿದ್ದರು, ಕೆಲವರು ದೂರ ನಿಂತು ಉಡಿ ಒಡ್ಡಬೇಕಾಗತಿತ್ತು. ಹಕ್ಕಿದ್ದರೂ ಮಾನ ಸಿಗತಿರಲಿಲ್ಲ.

ಹಾಡುವವರ ಲೆಕ್ಕ ಇನ್ನೊಂದು ಥರ. ಗೀಗೀ ಮೇಳಕ್ಕ ಎಲಿ-ಅಡಕಿ ಕೊಟ್ಟು ಕರಿತಾರ, ಸಂಚಗಾರ ಕೊಡತಾರ. ರಾತ್ರಿ ದಪ್ಪು, ತುಂತುಣಿ, ತಾಳ ಹಿಡಿದು ಹರದೇಶಿ-ನಾಗೇಶಿ ಸವಾಲ್-ಜವಾಬು ಸುರುವಾದರ ಮಂದಿ ಎದ್ದು ಬಂದು ಆಯಾರ ಮಾಡತಾರ. ಇಂಥ ಊರಿನ ಇಂಥವರು ಇಷ್ಟು ರೂಪಾಯಿ ಆಯಾರ ಮಾಡ್ಯಾರಂತ ನಾವು ಹಾಡು ನಿಲ್ಲಿಸಿ ಕೂಗಿ ಹೇಳಬೇಕು. ಈ ಆಯಾರ ಹನ್ನೊಂದು, ಐವತ್ತೊಂದು, ನೂರಾಒಂದು ಹೀಂಗ ಇರತೈತಿ. ಮ್ಯಾಲಿನ ಒಂದು ರೂಪಾಯಿ ಯಾಕ ಅಂದರ ಸೊನ್ನಿಗೆ ಮುಗಿಬಾರದು, ಸಂಬಂಧ ಮುಂದ ನಡೀಬೇಕು ಅಂತ. ಹೋಟೇಲಿನ ತಾಟಿನಾಗ ಬೀಳೋದು ಇದರ ಉಲ್ಟಾ. ಬಿಲ್ಲು ತೀರಿಸಿ ಉಳಿದ ಚಿಲ್ಲರೆ ಅಲ್ಲಿ ಬೀಳತೈತಿ. ಒಂದು ಕಡೆ ಹೆಚ್ಚಿಗಿ ಸೇರಿಸಿ ಕೊಡತೇವಿ, ಇನ್ನೊಂದು ಕಡೆ ಉಳಿದದ್ದು ಬಿಡತೇವಿ. ರೂಪಾಯಿ ಅಷ್ಟೇ ಇದ್ದರೂ ಅದರ ತೂಕ ಬ್ಯಾರೆ.

ಮರಾಠಿ ತಮಾಷಾ ಲಾವಣಿಯೊಳಗ ಇದಕ್ಕ ದೌಲತಜಾದಾ ಅಂತಾರ. ರೊಕ್ಕ ತೋರಿಸಿ ಇಂಥ ಲಾವಣಿ ಹಾಡು ಅಂತ ಬೇಡಿಕೆ ಇಡೋದು. ಇದರಾಗ ಒಂದು ಕೆಟ್ಟ ಚಾಳಿ ಹುಟ್ಟಿತು. ನೋಟು ಮ್ಯಾಲೆ ಎತ್ತಿ ಹಿಡಿದು ಹೆಣ್ಣುಮಗಳು ಹತ್ತಿರ ಬರಲಿ ಅಂತ ಆಟ ಆಡಿಸೋದು, ಸೀರಿಗೆ ಸಿಗಿಸಾಕ ಹೋಗೋದು. ನಮ್ಮ ನಾಗೇಶಿ ಹಾಡುವ ಅಕ್ಕ-ತಂಗೇರಿಗೂ ಈ ಕಾಟ ತಪ್ಪಿಲ್ಲ. ಹೆಣ್ಣು ಹೆಚ್ಚು ಅಂತ ರಾತ್ರಿಯಿಡೀ ಪುರಾಣ ಸಹಿತ ಸಿದ್ಧ ಮಾಡಿ ತೋರಿಸಿದಾಕಿ ಮುಂದ ಹತ್ತು ರೂಪಾಯಿ ಆಡಿಸೋದು ಅಂದರ ಅದು ಆಯಾರ ಅಲ್ಲ, ಅಪಮಾನ. ನಮ್ಮ ಹಿರಿಯರು ಒಂದು ರೀತಿ ಹಾಕಿದ್ದರು. ಕೊಡೋದಿದ್ದರ ತಾಟಿನಾಗ ಇಡ್ರಿ, ಇಲ್ಲಾ ದಪ್ಪಿನ ಮ್ಯಾಲೆ ಇಡ್ರಿ. ಮೈಗೆ ಕೈ ಹಚ್ಚಬ್ಯಾಡ್ರಿ. ಈ ರೀತಿ ಈಗಿನ ಹುಡುಗರಿಗೆ ಹೇಳಿಕೊಡಬೇಕು.

ಈಗ ಸಾಂಗಲಿ ಸಂಸ್ಥಾನಕ್ಕ ಬರೋಣ. 1842ರಲ್ಲಿ ಉತ್ತರ ಕನ್ನಡದ ಕರ್ಕಿಯಿಂದ ಭಾಗವತರ ಮೇಳ ಸಾಂಗಲಿಗೆ ಬಂದು ಆಟ ಆಡಿತು. ಆಗಿನ ರಾಜರು ಚಿಂತಾಮಣರಾವ ಅಪ್ಪಾಸಾಹೇಬ ಪಟವರ್ಧನರು. ಕನ್ನಡದ ಆ ಆಟ ನೋಡಿ ಮೆಚ್ಚಿ, ಮರಾಠಿಯೊಳಗೂ ಹೀಂಗ ಒಂದು ಆಗಬೇಕಂತ ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರ ನವೆಂಬರ 5ಕ್ಕೆ ರಾಜರ ಮುಂದ ಭಾವೆಯವರ ‘ಸೀತಾ ಸ್ವಯಂವರ’ ಆಟ ಆಯಿತು. ಇವತ್ತಿಗೂ ಮರಾಠಿ ಮಂದಿ ನವೆಂಬರ 5ನ್ನ ರಂಗಭೂಮಿ ದಿನ ಅಂತ ಮಾಡತಾರ, ಸಾಂಗಲಿಯ ನಾಟ್ಯಗೃಹಕ್ಕೂ ಭಾವೆಯವರ ಹೆಸರೇ ಐತಿ. ಕನ್ನಡದ ಹಳ್ಳಿಯೊಂದರ ಮೇಳದಿಂದ ಕಿಡಿ ಹಾರಿ ಮರಾಠಿಯ ದೀಪ ಹತ್ತಿತು ಅನ್ನೋದು ಗಡಿಯಾಗ ಇರೋ ನಮಗೆಲ್ಲಾ ಹೆಮ್ಮೆಯ ಮಾತು.

ಆದರ ನನ್ನ ಮಾತು ಇರೋದು ಅದರ ಮುಂದಿನದರ ಮ್ಯಾಲೆ. ರಾಜರು ಇದ್ದ ತನಕ ಮೇಳದ ಹೊಟ್ಟಿಗೆ ಚಿಂತಿ ಇರಲಿಲ್ಲ. ಅಪ್ಪಾಸಾಹೇಬರು 1851ರಲ್ಲಿ ತೀರಿಕೊಂಡರು, ಅರಮನೆಯ ಆಸರ ನಿಂತಿತು. ಭಾವೆಯವರು ಮೇಳ ಕಟ್ಟಿಕೊಂಡು ಊರೂರು ತಿರುಗಿದರು. 1853ರಲ್ಲಿ ಮುಂಬಯಿಗೆ ಹೋಗಿ ಅಲ್ಲಿ ತಿಕೀಟು ಹಚ್ಚಿ ಆಟ ತೋರಿಸಿದರು. ಇದು ದೊಡ್ಡ ಬದಲಾವಣಿ. ಅರಮನೆಯೊಳಗ ಒಬ್ಬ ರಾಜನ ಮನಸು ಹೆಂಗ ಇರತೈತೋ ಹಂಗ ಕಲಾವಿದನ ಊಟ. ತಿಕೀಟಿನಾಗ ಬಾಗಿಲಿಗೇ ಬೆಲೆ ಬರೆದಿರತೈತಿ, ಹಿಂಗ ಕೂತವಗ ಇಷ್ಟು, ಮುಂದ ಕೂತವಗ ಇಷ್ಟು. ಆಟ ಕಟ್ಟಿದವ ಯಾರ ಮರ್ಜಿಯೂ ಕಾಯಬೇಕಿಲ್ಲ. ರಾಜ ಕೊಟ್ಟದ್ದು ಇನಾಮು, ತಿಕೀಟಿನಿಂದ ಬಂದದ್ದು ಹಕ್ಕು. ಆ ಮ್ಯಾಲೆ ಯಾರರ ಮೆಚ್ಚಿ ಶಾಲು ಹೊಚ್ಚಿದರ ಅದು ಖುಷಿ.

ಮಿರಜದೊಳಗ ಇನ್ನೊಂದು ಬಗಿ ಕಾಣತೈತಿ. ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ ಕರೀಂ ಖಾನಸಾಹೇಬರು ದೂರದ ಉತ್ತರದೇಶದವರು, ಆದರ ಮಿರಜವನ್ನೇ ತಮ್ಮ ಊರು ಮಾಡಿಕೊಂಡರು. ಮೈಸೂರು ಅರಮನೆಯೊಳಗೂ ಅವರಿಗೆ ದೊಡ್ಡ ಮರ್ಯಾದಿ ಇತ್ತು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಸವಾಯಿ ಗಂಧರ್ವರ ಕೈಯಾಗ ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು ಕಲಿತರು. ಖಾನಸಾಹೇಬರು 1937ರಲ್ಲಿ ಮದ್ರಾಸ ಕಡೆ ಪ್ರಯಾಣದಾಗ ತೀರಿಕೊಂಡರು, ಮಣ್ಣಾದದ್ದು ಮಿರಜದ ದರ್ಗಾದಾಗ. ಆ ದರ್ಗಾದ ಉರುಸಿನೊಳಗ ಹಾಡಾಕ ಬರೋ ದೊಡ್ಡ ದೊಡ್ಡ ಕಲಾವಿದರು ಬಿದಾಗಿ ತಗೊಳ್ಳೂದಿಲ್ಲ, ಸೇವಾ ಅಂತ ಹಾಡತಾರ. ಬ್ಯಾರೆ ಕಡೆ ಮೊದಲ ಬಿದಾಗಿ ಮಾತಾಡಿ ಗಾಡಿ ಹತ್ತುವವರೇ ಇಲ್ಲಿ ಬಂದು ಕೈ ಮುಗಿದು ಹಾಡತಾರ. ಇಲ್ಲಿ ಖುಷಿ ಕೊಡೋದು ಕೇಳೋರಲ್ಲ, ಹಾಡೋರು. ಯಾವ ಮನುಷ್ಯಾಗ ತನ್ನ ಹಕ್ಕಿನ ಬೆಲೆ ಸಿಗತೈತೋ ಅವ ಬೇಕಾದಲ್ಲಿ ಪುಕ್ಕಟೆ ಕೊಡಬಲ್ಲ.

ಇನ್ನ ಹೋಟೇಲು. 1891ರಲ್ಲಿ ಕೊಲ್ಲಾಪುರ ತನಕ ಹಳಿ ಬಿದ್ದ ಮ್ಯಾಲೆ ಮಿರಜ ದೊಡ್ಡ ಜಂಕ್ಷನ್ ಆಯಿತು. ಒಂದು ಕಾಲಕ್ಕ ಮೂರು ಅಳತಿಯ ಹಳಿ ಇಲ್ಲಿ ಕೂಡತಿದ್ದವು, ಅಂದರ ಮಂದಿ ಇಳಿದು ಗಾಡಿ ಬದಲಿ ಮಾಡಲೇಬೇಕು. ಇಳಿದವರಿಗೆ ಹಮಾಲ ಬೇಕು, ಟಾಂಗಾ ಬೇಕು, ಚಹಾ ಬೇಕು, ವಸ್ತಿ ಬೇಕು. ಅಥಣಿ, ಜಮಖಂಡಿ, ವಿಜಾಪುರ ಕಡೆಯಿಂದ ಮಿರಜದ ದವಾಖಾನಿಗಳಿಗೆ ಬರೋ ಕನ್ನಡ ಮಂದಿಗೆ ಖಾನಾವಳಿ ಬೇಕು. ಉಡುಪಿ ಕಡೆಯವರು ಮಹಾರಾಷ್ಟ್ರದ ತುಂಬ ಹೋಟೇಲು ತೆಗೆದಾಗ ಅವರ ಕೂಡ ಕನ್ನಡದ ಮಾಣಿಗಳೂ ಬಂದರು. ಸಣ್ಣ ಹುಡುಗರು, ಉಣ್ಣಾಕ ಹೋಟೇಲಿನಾಗ, ಮಲಗಾಕೂ ಅಲ್ಲೇ ಬಾಕಿನ ಮ್ಯಾಲೆ. ಪಗಾರ ಕಡಿಮಿ. ತಾಟಿನಾಗ ಬಿದ್ದ ಚಿಲ್ಲರೆಯೇ ಊರಿಗೆ ಕಳಿಸೋ ರೊಕ್ಕ. ಬಕ್ಷೀಸ ಅನ್ನೋ ಫಾರಸಿ ಮಾತು ಸಾಹೇಬರ ಕಾಲದಿಂದ ಎಲ್ಲಾರ ಬಾಯಾಗ ಇತ್ತು, ಈಗ ಅದೇ ಟಿಪ್ಸು ಆಗೇತಿ.

ದೊಡ್ಡ ಹೋಟೇಲುಗಳು ಬಂದ ಮ್ಯಾಲೆ ಸೋಫಾ ಹಾಕಿದ ಲೌಂಜು ಬಂದವು, ಅಲ್ಲಿ ಹಾಡಿಸೋದೂ ಬಂತು. ಹಿಂದಕ ನಮ್ಮ ಮೇಳಕ್ಕೂ ಒಂದು ಹೋಟೇಲಿನಿಂದ ಕರೆ ಬಂತು, ಹೆಸರು ಬ್ಯಾಡ. ಗಿರಾಕಿ ಚಹಾ ತಿಂಡಿ ಮಾಡೋ ಮುಂದ ಜಾನಪದ ಹಾಡಬೇಕು. ಬಿದಾಗಿ ಎಷ್ಟು ಅಂತ ಕೇಳಿದೆ. ಮ್ಯಾನೇಜರು ಅಂದ: ‘ಬಿದಾಗಿ ಯಾತರದು ಕಾಕಾ, ಬರೋ ಮಂದಿ ಟಿಪ್ಸು ಕೊಡತಾರ, ಅದೆಲ್ಲಾ ನಿಮ್ಮದೇ.’ ಐದು ಮಂದಿ ಎರಡು ದಿನ ಹಾಡಿದೆವು. ಮಂದಿ ತಾಟಿನಾಗ ಹಾಕಿದ್ದರು, ಆದರ ಸಂಜಿಕ ಲೆಕ್ಕ ಮಾಡೋವಾಗ ಅದರಾಗ ಅರ್ಧ ಹೋಟೇಲಿನ ಪಾಲು ಅಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಹಂಗಾತು. ನಾವು ಮೂರನೇ ದಿನ ಹೋಗಲಿಲ್ಲ. ಆದರ ಅಲ್ಲಿಯ ವೇಟರ ಹುಡುಗರಿಗೆ ಬಿಟ್ಟು ಬರೋ ಹಾದಿ ಇರಲಿಲ್ಲ.

ಇದು ನಮ್ಮ ಸೀಮೆಯ ಮಾತಷ್ಟೇ ಅಲ್ಲ. ನಮ್ಮ ಶಾಲೆಯ ಗುರುಗಳು ಅಮೇರಿಕಾದ ಒಂದು ಇತಿಹಾಸ ಓದಿ ಹೇಳಿದರು. ಅಲ್ಲಿ ಗುಲಾಮಗಿರಿ ಹೋದ ಮ್ಯಾಲೆ ಪುಲ್‌ಮನ್ ಅನ್ನೋ ಕಂಪನಿ ಮಲಗೋ ರೈಲು ಡಬ್ಬಿಗಳಾಗ ಕರಿಯ ಮಂದಿಯನ್ನ ಕೆಲಸಕ್ಕ ಇಟ್ಟಿತು. ಪಗಾರ ಅಷ್ಟಕ್ಕಷ್ಟೇ, ಹೊಟ್ಟಿ ತುಂಬಬೇಕಂದರ ಪ್ರವಾಸಿಗಳ ಟಿಪ್ಸಿಗೆ ಕೈ ಒಡ್ಡಬೇಕು. ಎಲ್ಲಾರನ್ನೂ ‘ಜಾರ್ಜ್’ ಅಂತ ಒಂದೇ ಹೆಸರಿನಿಂದ ಕರಿತಿದ್ದರು, ಯಾಕಂದರ ಮಾಲಕನ ಹೆಸರು ಜಾರ್ಜ್. 1925ರಲ್ಲಿ ಅವರು ಫಿಲಿಪ್ ರ‍್ಯಾಂಡಾಲ್ಫ್ ಅನ್ನುವವರ ಮುಂದಾಳತನದಾಗ ಸಂಘ ಕಟ್ಟಿದರು. ಹನ್ನೆರಡು ವರ್ಷ ಹೋರಾಡಿ 1937ರಲ್ಲಿ ಕಂಪನಿಯ ಕೂಡ ಕರಾರು ಮಾಡಿಸಿಕೊಂಡರು. ಅವರು ಟಿಪ್ಸು ಹೆಚ್ಚು ಕೊಡ್ರಿ ಅಂತ ಕೇಳಲಿಲ್ಲ, ಪಗಾರ ಕೊಡ್ರಿ ಅಂದರು. ಹೆಸರಿನ ಮಾತು ಕೇಳಿ ನನಗೆ ನಮ್ಮ ಹೋಟೇಲುಗಳು ನೆನಪಾದವು. ಆಯಾರ ಕೊಟ್ಟವರ ಹೆಸರು ಮೈಕಿನಾಗ ಕೂಗತೇವಿ. ಚಹಾ ತಂದುಕೊಟ್ಟವನನ್ನ ‘ಏ ಪೋರ್ಯಾ’ ಅಂತೇವಿ.

ನಮ್ಮ ದೇಶದ ಕಾಯದೆ ಏನಂತೈತಿ? 2016ರಲ್ಲಿ ಸುಪ್ರೀಂ ಕೋರ್ಟು ಹೋಟೇಲುಗಳ ತೆರಿಗೆಯ ಒಂದು ಖಟ್ಲೆಯಾಗ, ಗಿರಾಕಿ ಕೊಡೋ ಟಿಪ್ಸು ಪಗಾರ ಅಲ್ಲ ಅಂತ ತೀರ್ಪು ಕೊಟ್ಟಿತು. 2022ರ ಜುಲೈದಾಗ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಹೋಟೇಲಿನವರು ಬಿಲ್ಲಿನಾಗ ತಾವಾಗೇ ಸರ್ವಿಸ್ ಚಾರ್ಜ್ ಸೇರಿಸಬಾರದು, ಕೊಡೋದು ಬಿಡೋದು ಗಿರಾಕಿಯ ಇಚ್ಛಾ ಅಂತ ಹೇಳಿತು. ಹೋಟೇಲು ಸಂಘದವರು ಕೋರ್ಟಿಗೆ ಹೋದರು. 2025ರ ಮಾರ್ಚದಾಗ ದಿಲ್ಲಿ ಹೈಕೋರ್ಟು ಪ್ರಾಧಿಕಾರದ ಮಾತನ್ನೇ ಎತ್ತಿ ಹಿಡಿಯಿತು. ಅಂದರ ಬಿಲ್ಲಿನಾಗ ಸೇರಿಸಿದ್ದರ ತೆಗೆಯಿರಿ ಅಂತ ನಾವು ಧೈರ್ಯದಿಂದ ಕೇಳಬಹುದು. ಹಳ್ಳಿಯವರು ಅಂತ ನಾಚಬೇಕಾಗಿಲ್ಲ.

ಇನ್ನೊಂದು ಗುರುತು ಹೇಳಬೇಕು. ಕೆಲಸ ಆದ ಮ್ಯಾಲೆ, ಕೇಳದೆ ಇದ್ದರೂ ಕೊಟ್ಟರ ಖುಷಿ. ಕೆಲಸಕ್ಕ ಮೊದಲೇ, ಕೇಳಿದ್ದಕ್ಕ ಹೆದರಿ ಕೊಟ್ಟರ ಲಂಚ. ಕಚೇರಿಯಾಗ ಉತಾರ ಕೊಡಾಕ, ದವಾಖಾನಿಯಾಗ ಪೇಶಂಟನ್ನ ಸ್ಟ್ರೆಚರ್ ಮ್ಯಾಲೆ ತಗೊಂಡು ಹೋಗಾಕ ‘ಚಾಪಾಣಿ’ ಕೇಳತಾರ. ಅದಕ್ಕ ಬಕ್ಷೀಸ ಅಂತ ಛಂದ ಹೆಸರು ಇಟ್ಟರೂ ಅದು ಬಕ್ಷೀಸ ಅಲ್ಲ.

ಹಂಗಾದರ ತಾಟಿನಾಗ ಎಷ್ಟು ಬಿಡಬೇಕು? ನನಗೆ ತಿಳಿದಷ್ಟು ಹೇಳತೇನಿ. ಒಂದು ಚಹಾ ಕುಡಿದವ ಏನೂ ಬಿಡದಿದ್ದರ ತಪ್ಪಿಲ್ಲ. ಮನಿ ಮಂದಿಯೆಲ್ಲಾ ಕೂತು ಉಂಡು, ಹುಡುಗರು ಚೆಲ್ಲಿದ್ದನ್ನ ಒರಿಸಿಕೊಂಡು, ನಗತಾ ಬಡಿಸಿದವಗ ನೂರಕ್ಕ ಐದೋ ಹತ್ತೋ ಕೊಟ್ಟರ ಛಲೋ. ಕೊಟ್ಟರ ಅವನ ಕೈಯಾಗ ಕೊಡ್ರಿ, ಅವನ ಹೆಸರು ಕೇಳಿ ಕೊಡ್ರಿ. ಗಲ್ಲೆಯ ಮ್ಯಾಲೆ ಡಬ್ಬಿ ಇದ್ದರ, ಅದನ್ನ ಎಲ್ಲಾರೂ ಹಂಚಿಕೋತೀರೇನು ಅಂತ ಒಂದು ಮಾತು ಕೇಳ್ರಿ. ಒಳಗ ಭಾಂಡಿ ತಿಕ್ಕೋ ಅಕ್ಕನ ಮುಂದ ಯಾರೂ ತಾಟು ಹಿಡಿಯೂದಿಲ್ಲ, ಆಕೀಗೂ ಪಾಲು ಮುಟ್ಟಬೇಕು. ಕೊಟ್ಟ ಮ್ಯಾಲೆ ಉಪಕಾರ ಮಾಡಿದವರ ಹಾಂಗ ಮೀಸಿ ತಿರುವಬ್ಯಾಡ್ರಿ.

ಊರ ಜಾತ್ರಿಗೆ ಮೇಳ ಕರಿಸೋ ಪಂಚರಿಗೂ ಒಂದು ವಿನಂತಿ. ಆಯಾರ ಬಾಳ ಬರತೈತಿ ಅಂತ ಬಿದಾಗಿಯಾಗ ಕಡಿಮಿ ಮಾಡಬ್ಯಾಡ್ರಿ. ಬಿದಾಗಿ ನಮ್ಮ ಹಕ್ಕು, ಪಂಚರು ಅದನ್ನ ಮಂದಿಯ ಖುಷಿಯೊಳಗ ಕಳಿಯೋ ಲೆಕ್ಕ ಯಾವ ಗಣಿತದಾಗೂ ಇಲ್ಲ. ಹೋಟೇಲಿನ ಮಾಲಕರಿಗೂ ಇದೇ ಮಾತು. ಪಗಾರ ಮೊದಲು, ಟಿಪ್ಸು ಆಮ್ಯಾಲೆ. ಕಣದಾಗ ಆಯ ಅಳೆದು ಮುಗಿದ ಮ್ಯಾಲೇ ನಮ್ಮ ಹಿರಿಯರು ಆ ಒಂದು ಮರ ಕಾಳು ಮ್ಯಾಲೆ ಹಾಕತಿದ್ದರು.